ತಿಂಗಳಿಗೊಂದು ಗೀಟು

ನವೆಂಬರ್ 4, ಸೋಮವಾರ

ಒಂದೇ ಗೀಟು. ಫೋಟೋ ತೆಗೆದು ಮಂಗಳೂರಿನ ಮೆಡಿಕಲ್ ಶಾಪಿಗೆ ವಾಟ್ಸಾಪ್ ಮಾಡಿದೆ. ಬಸುರಿಯಲ್ಲ ಎಂದು ತೋರಿಸಿದರೆ ಮಾತ್ರ ಗುಳಿಗೆ. ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ, ಹೊನ್ನಾವರ ಸ್ಟ್ಯಾಂಡಿನಲ್ಲಿ ಕಾದು ಇಸಿದುಕೊಳ್ಳಬೇಕು. ಪ್ರತಿ ತಿಂಗಳ ಕತೆ. ಟೆಸ್ಟ್ ಸ್ಟ್ರಿಪ್ಪನ್ನು ಪೇಪರಿನಲ್ಲಿ ಸುತ್ತಿ ಹಿತ್ತಲಿನ ಕಸದ ಗುಂಡಿಗೆ ಹಾಕಿದೆ.

ಕುಮಟಾ ಬಸ್ಸು ರಶ್ಶು. ಆಫೀಸಿನವರೆಗೆ ನಿಂತೇ ಹೋದೆ. ಉಸಿರು ಪರವಾಗಿಲ್ಲ.

ನವೆಂಬರ್ 11, ಸೋಮವಾರ

ಅತ್ತೆ ಪಪ್ಪಾಯಿ ಮರ ಕಡಿಸಿದ್ದಾರೆ! ಮೈತುಂಬ ಕಾಯಿ ಬಿಟ್ಟ ಮರ. ಕೂಲಿಯ ಕುಪ್ಪನನ್ನು ಕರೆಸಿ, ಎದುರು ನಿಂತು ಕಡಿಸಿದ್ದು. ಕೇಳಿದರೆ, "ಕಣ್ಣೆದ್ರಿಗೆ ಇದ್ರೆ ತಿನ್ನೂಕೆ ಆಸೆ ಆತದೆ. ಇನ್ಮೇಲೆ ನಿಂಗೆ ಅದೆಲ್ಲ ಬೇಡ" ಎಂದು ನಗು. ತಲೆಬುಡ ಅರ್ಥವಾಗಲಿಲ್ಲ.

ಆಮೇಲೆ ಪಕ್ಕದ ಮನೆಯ ನಾಗಮ್ಮ ಬೇಲಿ ಹತ್ತಿರ ಕರೆದಳು. "ಗುಂಡಿಲಿ ಆ ಕಡ್ಡಿ ಮೂರ್ನಾಲ್ಕು ಸಿಕ್ತು ನಿನ್ನತ್ತೆಗೆ. ಬಸ್ರಿ ನೋಡೂ ಕಡ್ಡಿ ಅಂತ ನಾನೇ ಹೇಳ್ದೆ. ತಿಂಗ್ಳು ತಿಂಗ್ಳು ನೋಡ್ತಾಳೆ ಅಂದ್ರೆ ಪಾಪ, ಎಷ್ಟು ಆಸೆ ಹುಡ್ಗಿಗೆ ಅಂದ್ರು."

ಆಸೆಯಂತೆ. ನನ್ನ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ಒತ್ತಿ ಒತ್ತಿ ಸೋಲುತ್ತದೆ, ಗುಳಿಗೆ ಅದನ್ನು ತಡೆಯುತ್ತದೆ. ಆ ಗುಳಿಗೆ ತಿನ್ನುವವಳು ಬಸುರಿಯಾಗಬಾರದು. ಅತ್ತೆಗೆ ಗೊತ್ತಿರುವುದು ಸೊಸೆಗೆ ಉಬ್ಬಸ ಎಂಬುದಷ್ಟೇ.

ನರೇಶ ಭಟ್ಕಳದಿಂದ ಅಂಗಡಿ ಮುಗಿಸಿ ಬಂದ. ಹೇಳಿದೆ. "ಸ್ವಲ್ಪ ದಿನ ಹೋಗ್ಲಿ. ಆಯಿಗೆ ನಾನೇ ಹೇಳ್ತೆ" ಎಂದ. ಮದುವೆಯಾದಾಗಿನಿಂದ ಇದೇ ಮಾತು. ಗಿರಾಕಿಗಳ ಎದುರು ಹರಿಯುವ ಬಾಯಿ ತಾಯಿಯ ಎದುರು ಬಂದ್.

ಡಿಸೆಂಬರ್ 3, ಮಂಗಳವಾರ

ಒಂದೇ ಗೀಟು. ಬಚ್ಚಲಿನಿಂದ ಹೊರಬಂದರೆ ಅತ್ತೆ ಮುಖವನ್ನೇ ನೋಡುತ್ತಿದ್ದರು.

"ಇರ್ಲಿ ಬಿಡು. ಊರಮ್ಮಂಗೆ ಬೆಳ್ಳಿ ತೊಟ್ಲು ಹೇಳ್ಕಂಡಿದ್ದೆ. ಆತದೆ."

ಹರಕೆ ಬೇರೆ. "ಹೂಂ" ಎಂದೆ.

ಡಿಸೆಂಬರ್ 18, ಬುಧವಾರ

ಮಂಗಳೂರು. ಹೃದಯದ ಎಕೋ ಆಯಿತು, ಆರು ನಿಮಿಷ ನಡೆಸಿ ಉಸಿರು ನೋಡಿದ್ದೂ ಆಯಿತು. ಕಳೆದ ಸಲಕ್ಕಿಂತ ವಾಸಿ.

ಡಾಕ್ಟರು ಒಂದು ಸ್ಟಡಿಗೆಂದು ರಕ್ತ ಕೇಳಿದರು. ಎಂಡೋಥೆಲಿನ್ ರಿಸೆಪ್ಟರ್, ಜೀನ್ ಎಕ್ಸ್‌ಪ್ರೆಶನ್. ಎಂತದು ಅದು ಎಂದೆ. ಸಮಾಧಾನದಿಂದ ಹೇಳಿದರು. ಆ ಜೀನ್ ಎಲ್ಲರಲ್ಲೂ ಇದೆ, ಕೆಟ್ಟದ್ದಲ್ಲ. ಆದರೆ ಈ ಕಾಯಿಲೆಯವರ ಶ್ವಾಸಕೋಶದಲ್ಲಿ ಅದು ಅಳತೆ ಮೀರಿ ಕೆಲಸ ಮಾಡುತ್ತದೆ. ಅದು ಹುಟ್ಟಿಸುವ ರಿಸೆಪ್ಟರ್, ಅಂದರೆ ಬಿಗಿಯಾಗು ಎಂಬ ಸೂಚನೆ ಹಿಡಿಯುವ ಕೊಂಡಿ, ಹೆಚ್ಚಾದಷ್ಟೂ ನಾಳಗಳು ಬಿಗಿಯುತ್ತವೆ. ಗುಳಿಗೆ ಹೋಗಿ ಅದರ ಬಾಯಿ ಮುಚ್ಚುತ್ತದೆ.

"ಮಗುವಿಗೆ ಯಾಕೆ ತೊಂದರೆ?"

"ಹೊಟ್ಟೆಯೊಳಗೆ ಮಗುವಿನ ದವಡೆ, ಹೃದಯ ರೂಪುಗೊಳ್ಳಲಿಕ್ಕೆ ಅದೇ ರಿಸೆಪ್ಟರ್ ಬೇಕು. ಗುಳಿಗೆಗೆ ತಾಯಿ ಯಾರು, ಮಗು ಯಾರು ಗೊತ್ತಾಗುವುದಿಲ್ಲ."

ನನ್ನಲ್ಲಿ ಅತಿಯಾಗಿದ್ದೇ ಮಗುವಿಗೆ ಬೇಕಾದದ್ದು. ಎಷ್ಟು ಚೆಂದದ ಅನ್ಯಾಯ.

"ಗುಳಿಗೆ ಬಿಟ್ಟರೆ?"

"ಒಂಬತ್ತು ತಿಂಗಳು ನಿಮ್ಮ ಹೃದಯ ತಡೆಯಬೇಕಲ್ಲ" ಎಂದರು. ನರೇಶ ಗೋಡೆಯ ಮೇಲಿನ ಚಾರ್ಟ್ ಓದುತ್ತಿದ್ದ.

ಜನವರಿ 10, ಶುಕ್ರವಾರ

ಹೇಳಿಬಿಟ್ಟೆ. ನರೇಶನನ್ನು ನಂಬಿದರೆ ಆಗುವ ಕೆಲಸವಲ್ಲ.

ಅತ್ತೆ ಹಿತ್ತಲಿನಲ್ಲಿ ಬಂಗಡೆ ಮೀನು ಸರಿ ಮಾಡುತ್ತಿದ್ದರು. ಬರುವ ವಾರ ಗುಡಿಯಲ್ಲಿ ನನ್ನ ಉಡಿ ತುಂಬಿಸುತ್ತಾರಂತೆ, ಐದು ಮುತ್ತೈದೆಯರಿಗೆ ಹೇಳಿಯೂ ಆಗಿದೆಯಂತೆ. ಅಲ್ಲೇ ಕುಳಿತು ಕಾಯಿಲೆ, ಗುಳಿಗೆ, ಕಡ್ಡಿ ಎಲ್ಲ ಹೇಳಿದೆ. ಕತ್ತಿ ನಿಂತಿತು.

"ಹಂಗಾರೆ ಬಸ್ರಿ ಆದ್ರೆ ನಿಂಗೆ ಅಪಾಯ್ವ?"

"ಉಳಿದರೆ ಪುಣ್ಯ."

"ನರೇಶಂಗೆ ಗೊತ್ತಿತ್ತಾ?"

"ಮದುವೆಗೆ ಮುಂಚೆಯೇ ಹೇಳಿದ್ದೆ."

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಕೈ ತೊಳೆದು ಒಳಗೆ ಹೋದರು. ಉಳಿದ ಮೀನು ನಾನೇ ಸರಿ ಮಾಡಿದೆ.

ಜನವರಿ 31, ಶುಕ್ರವಾರ

ಮುಟ್ಟು ತಡವಾಗಿದೆ. ಯಾವತ್ತೂ ಜಾಗ್ರತೆಯಿಂದಲೇ ಇದ್ದೇವೆ. ಸಂಕ್ರಾಂತಿ ಆದ ಮೇಲೆ ಒಂದು ದಿನ ಮಾತ್ರ... ನಮ್ಮ ಹಣೆಬರಹ.

ನರೇಶನಿಗೆ ಹೇಳಿದೆ. ಬಿಳಚಿಕೊಂಡು ಕುಳಿತುಬಿಟ್ಟ. ಅತ್ತೆಗೆ ಹೇಳುವುದೇ ಬೇಕಾಗಲಿಲ್ಲ. ಮುಟ್ಟಾದಾಗ ನಾನು ದೇವರ ದೀಪ ಹಚ್ಚುವುದಿಲ್ಲ, ಅವರೇ ಹಚ್ಚುತ್ತಾರೆ. ಈ ಸಲ ದಿನವೂ ನಾನೇ ಹಚ್ಚುತ್ತಿದ್ದೇನೆ. ಇವತ್ತು ದೀಪದ ಹತ್ತಿರ ನಿಂತು ನನ್ನ ಹೊಟ್ಟೆ ನೋಡಿದರು.

ಡಾಕ್ಟರಿಗೆ ಫೋನ್ ಮಾಡಿದೆ. ಸೋಮವಾರ ಬೆಳಿಗ್ಗೆ ಟೆಸ್ಟ್ ಮಾಡಿ, ಎರಡು ಗೀಟು ಬಂದರೆ ಅವತ್ತೇ ಹೊರಟು ಬನ್ನಿ ಎಂದರು.

ಫೆಬ್ರವರಿ 2, ಭಾನುವಾರ

ಅತ್ತೆ ಬೆಳಿಗ್ಗೆಯೇ ಸೀರೆ ಉಟ್ಟು ಹೊರಟರು. ಮಧ್ಯಾಹ್ನ ಬಂದು ಜಗುಲಿಯಲ್ಲಿ ಕುಳಿತು ನೀರು ಕೇಳಿದರು.

"ಹೇಳ್ಕಂಡ ಹರಕೆ ವಾಪಸ್ ತಕಣೂಕೆ ಎಂತ ಮಾಡೂದು ಅಂತ ಗುಡಿ ಭಟ್ರ ಹತ್ರ ಕೇಳ್ದೆ. ಹಂಗೊಂದು ಕ್ರಮವೇ ಇಲ್ಲ ಅಂದ್ರು. ಅದ್ಕೆ ತೊಟ್ಲು ಕೊಟ್ಟೇ ಬಂದೆ. ಮಗು ಕೊಡೂದು ಬೇಡ, ನನ್ ಸೊಸೆ ಇದ್ರೆ ಸಾಕು ಅಂದೆ."

ಬೇಡವೆನ್ನಲು ತೊಟ್ಟಿಲು ಕೊಟ್ಟವರು ಈ ಸೀಮೆಯಲ್ಲಿ ಇವರೊಬ್ಬರೇ ಇರಬೇಕು. ನಗು ಬಂತು. ಹಿಂದೆಯೇ ಕೋಪ ಬಂತು. ನನ್ನನ್ನು ಒಂದು ಮಾತು ಕೇಳದೆ ನನ್ನ ಮಗುವನ್ನು ಬೇಡ ಅಂದು ಬಂದರಲ್ಲ! ಆಮೇಲೆ ಕಾಲು ಹಿಡಿಯಬೇಕು ಅನಿಸಿತು. ನೀರು ಕೊಟ್ಟು ಊಟಕ್ಕೆ ಬಡಿಸಿದೆ.

ಫೆಬ್ರವರಿ 3, ಸೋಮವಾರ

ಬಚ್ಚಲ ಬಾಗಿಲಿನ ಹೊರಗೆ ಅತ್ತೆ. ಅವರ ಹಿಂದೆ ನರೇಶ ಕಾರಿನ ಕೀಲಿ ಹಿಡಿದು ನಿಂತಿದ್ದ. ಬಾಡಿಗೆ ಕಾರು ತಂದಿಟ್ಟಿದ್ದಾನೆ.

ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕಿದೆ? ಕಾಯುವಾಗ, ಎರಡು ಬರಲಿ ಎಂದು ಬೇಡಿಕೊಂಡೆ. ಸತ್ತರೆ ಸಾಯುತ್ತೇನೆ, ಒಂದು ಸಲ ಎರಡು ಬರಲಿ ಎಂದು.

ಒಂದೇ ಬಂತು. ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಒಂದೇ.

"ಎಷ್ಟು ಗೀಟು, ಧನ್ಯಾ?" ಅತ್ತೆ ಬಾಗಿಲು ತಟ್ಟಿದರು. "ಎರಡಾ? ಬಾಯಿ ಬಿಡು ತಂಗಿ..."

ಒಂದೇ ಅತ್ತೆ, ಹೆದರಬೇಡಿ. ಅಷ್ಟು ಹೇಳಬೇಕಿತ್ತು. ಬಾಯಿ ತೆರೆದರೆ ಅಳು ಬಂದುಬಿಟ್ಟಿತು, ಜೋರಾಗಿ. ಅದನ್ನು ಕೇಳಿ ಹೊರಗೆ ಅವರು "ಅಯ್ಯೋ ಊರಮ್ಮಾ, ಬೇಡ ಅಂದಿದ್ನಲ್ಲೇ" ಎಂದು ಕುಸಿದು ಕುಳಿತದ್ದು ಕೇಳಿಸಿತು.

ಚಿಲಕ ತೆಗೆದೆ. ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತೆ. ಇಬ್ಬರೂ ಅಳುತ್ತಿದ್ದೆವು. ಅವರು ನಾನು ಸಾಯುತ್ತೇನೆ ಅಂತ. ನಾನು —