ಅಣ್ಣನ ಅಂಗಿಯ ಡಬ್ಬಿಚೀಲ

ಮಾರ್ಚ್ ೧೨, ಗುರುವಾರ

ಅಣ್ಣನ ಅಂಗಿಯನ್ನು ನಾನು ಒಗೆಯಬಾರದಿತ್ತು.

ಮಗಳ ಊಟದ ಡಬ್ಬಿಗೆ ಅದರಲ್ಲೊಂದು ಚೀಲ ಹೊಲಿದುಕೊಡೆಂದು ಅತ್ತಿಗೆ ಮೊನ್ನೆ ತಂದುಕೊಟ್ಟಿದ್ದರು. ಹೊಲಿದ ಮೇಲೆ ಕುಗ್ಗಬಾರದೆಂದು ನಾನು ಯಾವ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯದೆ ಕತ್ತರಿಸುವುದಿಲ್ಲ. ವರ್ಷಗಟ್ಟಲೆ ತೊಟ್ಟು ಸವೆಸಿದ ಅಂಗಿ ಇನ್ನೆಷ್ಟು ಕುಗ್ಗೀತು ಎಂದು ಯೋಚಿಸಲೇ ಇಲ್ಲ.

ಇವತ್ತು ಹುಡುಗಿ ಚೀಲವನ್ನು ಮೂಗಿಗೆ ಒತ್ತಿಕೊಂಡು, “ಅತ್ತೆ, ಬರೀ ಸೋಪಿನ ವಾಸನೆ ಬರ್ತಿದೆ. ಅಪ್ಪಂದು ಎಲ್ಲಿ?” ಎಂದಳು.

“ನಾಳೆ ಮೊಸರು ಚೆಲ್ಲಿಕೊಂಡು ಬರ್ತೀಯಲ್ಲ ಮಹಾರಾಣಿ, ಆಗ್ಲೂ ಒಗೀಲೇಬೇಕು,” ಎಂದು ಅತ್ತಿಗೆ ನಕ್ಕರು. ನನ್ನ ಮುಖ ಮಾತ್ರ ನೋಡಲಿಲ್ಲ. ಅಣ್ಣ ತೀರಿಕೊಂಡ ಈ ಎಂಟು ತಿಂಗಳೂ ಅವರು ಅದನ್ನು ಒಗೆಯದೆ ಇಟ್ಟಿದ್ದರಂತೆ.

ನಾನು ಅವನ ತಂಗಿ. ನೀರಿಗೆ ಹಾಕುವ ಮುಂಚೆ ಒಮ್ಮೆಯಾದರೂ ಮೂಸಿ ನೋಡಬೇಕೆಂದು ನನಗೆ ಏಕೆ ಅನ್ನಿಸಲಿಲ್ಲ?