ಅಮ್ಮನಿಗೆ ಕಳಿಸಿದ ಹಾಡು

ಮನೆಯಿಂದ,
ಡಿಸೆಂಬರ್ ೧೩, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತಾ? ಸುರಂಗದ ಒಳಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ 'ಅಪ್ಪಾ, ನಾನು ಅಳತೆ ಮಾಡೋಳು, ಕಲ್ಲು ಒಡೆಯೋಳಲ್ಲ' ಅಂತೀಯ. ಅಳತೆ ಮಾಡುವವರು ಯಾರು, ಕಲ್ಲು ಒಡೆಯುವವರು ಯಾರು ಅಂತ ಧೂಳು ವಿಚಾರಿಸಿಕೊಂಡು ಬರುತ್ತದಾ? ಗಾಜಿನ ಕಾರ್ಖಾನೆಯ ಕುಲುಮೆ ಮುಂದೆ ಆಯುಷ್ಯ ಸವೆಸಿದವನು ಹೇಳುತ್ತಿದ್ದೇನೆ, ಕೇಳು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಮೆಟ್ಟಿಲು ಹತ್ತುವಾಗ ಮಾತ್ರ ಮಾತಾಡಿಸುತ್ತದೆ. ನಿನ್ನ ಮಗಳು ಬಟಾಣಿಯೂ ಚೆನ್ನಾಗಿದ್ದಾಳೆ ಅಂತ ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಜ್ವರಗಿರ ಏನೂ ಇಲ್ಲ. ಅಷ್ಟರ ಮಟ್ಟಿಗೆ ಚೆನ್ನಾಗಿದ್ದಾಳೆ. ಉಳಿದದ್ದನ್ನು ಹೇಳುವುದಕ್ಕೇ ಈ ಕಾಗದ.

ವಾರ ವಾರ ಫೋನಿನಲ್ಲಿ ಸಿಗುವ ಅಪ್ಪ ಕಾಗದ ಬರೆದಿದ್ದಾನೆ ಅಂತ ಗಾಬರಿಯಾಗಬೇಡ. ಫೋನಿನಲ್ಲೇ ಹೇಳಬೇಕೆಂದು ಎಷ್ಟೋ ಸಲ ನೋಡಿದೆ. ನೀನು 'ಅಪ್ಪಾ' ಅಂದ ಕೂಡಲೇ ಊಟ ಆಯಿತಾ ಅಂತ ಕೇಳಿ ಮಾತು ತಿರುಗಿಸಿಬಿಡುತ್ತೇನೆ. ಬಟಾಣಿ ಪಕ್ಕದಲ್ಲೇ ಕೂತಿರುತ್ತಾಳೆ. ಮೇಲಾಗಿ ನಿಮ್ಮ ಬೆಟ್ಟದ ಮೇಲೆ ಸಿಗ್ನಲ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ನಾನು ಅರ್ಧ ಹೇಳಿ, ಇನ್ನರ್ಧ ಗಾಳಿಯಲ್ಲಿ ತೇಲಿಹೋದರೆ ನಿನಗೆ ಇನ್ನೂ ಕಷ್ಟ. ನಿಮ್ಮ ಕ್ಯಾಂಪಿಗೆ ಸಾಮಾನು ತರುವ ಲಾರಿ ಇವತ್ತು ಹೊರಡುತ್ತದೆ, ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ಓದುವಾಗ ಒಬ್ಬಳೇ ಕೂತು ಓದು.

ಕ್ಲಾರಿನೆಟ್ ಮನೆಗೆ ಬಂದ ದಿನದಿಂದ ಹೇಳುತ್ತೇನೆ. ಸಂಗೀತದ ಕ್ಲಾಸಿನಲ್ಲಿ ಏಳನೇ ತರಗತಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ವಾದ್ಯ ಕೊಟ್ಟರಲ್ಲ, ಬಟಾಣಿಗೆ ಬೇಕಾಗಿದ್ದದ್ದು ಡ್ರಮ್. ಅವಳ ಸರದಿ ಬರುವ ಹೊತ್ತಿಗೆ ಡ್ರಮ್ಮೂ ಹೋಗಿತ್ತು, ಕೊಳಲೂ ಹೋಗಿತ್ತು, ಉಳಿದದ್ದು ಕ್ಲಾರಿನೆಟ್. ಕರೀ ಪೆಟ್ಟಿಗೆಯನ್ನು ತಬ್ಬಿಕೊಂಡು, ಮುಖ ಊದಿಸಿಕೊಂಡು ಮೇಲಕ್ಕೆ ಬಂದಳು. ಆದರೆ ಪೆಟ್ಟಿಗೆಯೊಳಗಿನ ತುಂಡುಗಳನ್ನು ಒಂದಕ್ಕೊಂದು ತಿರುಚಿ ಜೋಡಿಸುವಷ್ಟರಲ್ಲಿ ಮುನಿಸು ಇಳಿದುಹೋಗಿತ್ತು. ಬಾಯಿಗೆ ಇಡುವ ಕಡೆ ಬೆತ್ತದಂಥ ತೆಳ್ಳನೆಯ ಪಟ್ಟಿ ಇರುತ್ತದೆ, ರೀಡ್ ಅನ್ನುತ್ತಾರೆ. ಅದನ್ನು ಮೊದಲು ಎಂಜಲಿನಲ್ಲಿ ನೆನೆಸಬೇಕಂತೆ. ಪೆಪ್ಪರಮಿಂಟು ಚೀಪುವ ಹಾಗೆ ಚೀಪುತ್ತಾ ಮನೆಯೆಲ್ಲ ಓಡಾಡಿದಳು. ಆಮೇಲೆ ಊದಿದಳು ನೋಡು! ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂತೆ. ಕೆಳಗಿನ ಮನೆಯ ದರ್ಜಿ ಹೊಲಿಗೆ ಮಿಷನ್ ನಿಲ್ಲಿಸಿ ಮೇಲೆ ಬಂದು, 'ಏನಾದ್ರೂ ಎಲ್ಲಾದ್ರೂ ಸಿಕ್ಕಿಹಾಕಿಕೊಂಡಿದೆಯಾ ಯಜಮಾನ್ರೇ?' ಅಂತ ಕೇಳಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ನಾನು ಕೈ ಚಾಚಿ 'ತಾ ಇಲ್ಲಿ, ನೋಡೋಣ' ಅಂದೆ. ಹಾಗೆ ಅನ್ನಬಾರದಿತ್ತು.

ನಿನಗೆ ಗೊತ್ತಲ್ಲ, ಕಬ್ಬಿಣದ ಕೊಳವೆ ಊದಿ ಊದಿ ಗಾಜಿನ ಬುರುಡೆ ಮಾಡಿದ ಬಾಯಿ ಇದು. ಉಸಿರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟು ಎಳೆ ಎಳೆಯಾಗಿ ಬಿಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಸಲ ಬರೀ ಗಾಳಿ ಬಂತು. ಎರಡನೇ ಸಲಕ್ಕೆ ತುಂಬುದನಿ ಬಂದುಬಿಟ್ಟಿತು. ನನಗೇ ಮೈ ಜುಮ್ಮೆಂದಿತು. ಬಟಾಣಿ ಬಾಯಿ ಬಿಟ್ಟುಕೊಂಡು ನೋಡಿ, 'ನಿಂಗೆ ಹೇಗೆ ಬಂತು ತಾತ?' ಅಂದಳು. ಊದುವುದು ನನ್ನ ಕಸುಬಲ್ಲವೇನೇ ಅಂತ ಮೀಸೆ ತಿರುವಿದೆ. ಆ ಮಗುವಿನ ಮುಖ ಒಂದು ಚೂರು ಸಪ್ಪಗಾದದ್ದು ನನಗೆ ಕಾಣಿಸಿತ್ತು. ಕಂಡೂ ಕಾಣದವನ ಹಾಗೆ ಇನ್ನೊಂದು ಸಲ ಊದಿದೆ.

ಅವಳಿಗೆ ಸಂಗೀತದ ಕ್ಲಾಸು ವಾರಕ್ಕೆರಡು ದಿನ. ಉಳಿದ ದಿನ ಕ್ಲಾರಿನೆಟ್ ಮನೆಯಲ್ಲೇ. ಅವಳನ್ನು ಬಸ್ಸಿಗೆ ಹತ್ತಿಸಿ ಬಂದರೆ ಮನೆಯಲ್ಲಿ ನಾನೊಬ್ಬನೇ, ಪೆಟ್ಟಿಗೆಯೊಂದೇ. ನಿಜ ಹೇಳಲಾ, ನಿವೃತ್ತಿಯಾದ ಮೇಲೆ ಬೆಳಗು ಹೇಗೆ ಕಳೆಯಿತು ಅಂತ ಗೊತ್ತಾಗದಿದ್ದದ್ದು ಅದೇ ಮೊದಲು. ಅವಳ ಪುಸ್ತಕದಲ್ಲಿ ಯಾವ ಸ್ವರಕ್ಕೆ ಯಾವ ತೂತು ಮುಚ್ಚಬೇಕು ಅಂತ ಚಿತ್ರ ಹಾಕಿದ್ದಾರೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಕಲಿತೆ. ಅವಳ ರೀಡಿಗೆ ಬಾಯಿ ಹಾಕಬಾರದೆಂದು ವಾದ್ಯದ ಅಂಗಡಿಯಿಂದ ನನ್ನದೇ ಒಂದು ತಂದು, ಕನ್ನಡಕದ ಡಬ್ಬಿಯಲ್ಲಿ ಅಡಗಿಸಿಟ್ಟೆ. ಬಾಯಿಗಿಡುವ ತುಂಡನ್ನು ಅವಳು ಬರುವ ಮೊದಲು ತೊಳೆದು ಒರೆಸಿಡುತ್ತಿದ್ದೆ. ಕಳ್ಳನ ಹಾಗೆ, ಈ ವಯಸ್ಸಿನಲ್ಲಿ. ದರ್ಜಿ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, 'ಮೊಮ್ಮಗಳು ಈಗ ಪರವಾಗಿಲ್ವೇ, ಬೆಳಿಗ್ಗೆ ಹೊತ್ತು ಭಾಳ ಚೆನ್ನಾಗಿ ನುಡಿಸ್ತಾಳೆ' ಅಂದ. ಬೆಳಿಗ್ಗೆ ಅವಳು ಶಾಲೆಯಲ್ಲಿರುತ್ತಾಳೆ ಅಂತ ಅವನಿಗೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ.

ರಜೆಗೆ ಮುಂಚಿನ ಕಾರ್ಯಕ್ರಮಕ್ಕೆ ಟೀಚರ್ ರಜೆಯ ಹಾಡುಗಳನ್ನು ಕಲಿಸಲು ಶುರು ಮಾಡಿದ್ದರು. ಒಂದರಲ್ಲಿ ಮಕ್ಕಳು ಶಾಲೆಯ ಗಂಟೆಗೆ ಟಾಟಾ ಹೇಳುತ್ತಾರೆ, ಇನ್ನೊಂದರಲ್ಲಿ ರೈಲು ಹತ್ತುತ್ತಾರೆ. ಮೂರನೆಯದರಲ್ಲಿ ದೂರದಲ್ಲಿದ್ದವರೆಲ್ಲ ಮನೆಗೆ ಬಂದು ಬಾಗಿಲು ತಟ್ಟುತ್ತಾರೆ. ಮೂರನೆಯದು ನಿಧಾನದ ಹಾಡು, ಮಧ್ಯದಲ್ಲಿ ಕೆಳಗಿನ ಸ್ವರದಿಂದ ಒಂದೇ ಏಟಿಗೆ ಮೇಲಕ್ಕೆ ಹಾರಬೇಕು. ಬಟಾಣಿಯ ಬೆರಳು ಇನ್ನೂ ಸಣ್ಣವು, ತೂತು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸೋರಿ ಸರಿಯಾಗಿ ಅಲ್ಲೇ ಕೀಚ್ ಅನ್ನುತ್ತಿತ್ತು. ಸುಮ್ಮನಿರಬೇಕಿತ್ತು ನಾನು. ಇರಲಿಲ್ಲ. 'ಹಾಗಲ್ಲ ಮಗಾ, ಹೀಗೆ' ಅಂತ ಅವಳ ಬಾಯಿಂದ ಕಿತ್ತುಕೊಂಡು ನುಡಿಸಿ ತೋರಿಸುತ್ತಿದ್ದೆ. ಬರಬರುತ್ತಾ ಅಭ್ಯಾಸದ ಹೊತ್ತಿಗೆ ಸರಿಯಾಗಿ ಅವಳಿಗೆ ಲೆಕ್ಕದ ಹೋಂವರ್ಕ್ ನೆನಪಾಗತೊಡಗಿತು. ಲೆಕ್ಕ ಕಂಡರೆ ಮಾರು ದೂರ ಓಡುವ ಹುಡುಗಿ ತಾನಾಗಿ ಲೆಕ್ಕಕ್ಕೆ ಕೂತಳೆಂದರೆ ನಾನು ಅರ್ಥ ಮಾಡಿಕೊಳ್ಳಬೇಡವೇ?

ಅಷ್ಟರಲ್ಲಿ ನೀನು ಪ್ರತಿ ಭಾನುವಾರ 'ಬಟಾಣೀ, ನನಗೆ ಯಾವಾಗ ಕೇಳಿಸ್ತೀಯೇ?' ಅಂತ ಕೇಳುತ್ತಿದ್ದೆ. ನಿನ್ನ ತಪ್ಪಿಲ್ಲ, ಯಾವ ತಾಯಿಯಾದರೂ ಕೇಳುತ್ತಾಳೆ. ಅವಳಪ್ಪ ಹೋದ ಮೇಲೆ ಮನೆಯ ಭಾರವೆಲ್ಲ ನಿನ್ನ ತಲೆಯ ಮೇಲೆ, ದೂರದಲ್ಲಿ ಕೂತು ಮಗುವಿನ ಒಂದು ದನಿಗೆ ಹಂಬಲಿಸುತ್ತೀಯ ಅಂತ ನನಗೆ ಗೊತ್ತಿಲ್ಲವೇ? ಒಂದು ಶನಿವಾರ ಸಂಜೆ ಅವಳು ರೂಮಿನ ಬಾಗಿಲು ಹಾಕಿಕೊಂಡು ಫೋನಿಗೆ ಆ ಮೂರನೆಯ ಹಾಡು ತುಂಬಿಸಲು ಹೊರಟಳು. ಪ್ರತಿ ಸಲವೂ ಅದೇ ಜಾಗದಲ್ಲಿ ಕೀಚ್. ಅಳಿಸುವುದು, ಮತ್ತೆ ಊದುವುದು. ಕೊನೆಗೆ ಅಳುವ ಸದ್ದು ಕೇಳಿಸಿತು. ಒಳಗೆ ಹೋದೆ. ಕಣ್ಣೀರು ಒರೆಸಿ, ಇವತ್ತು ಬೇಡ ಮಗಾ, ಅಮ್ಮನಿಗೆ ಇನ್ನೊಂದು ವಾರ ಕಾಯಲು ಹೇಳೋಣ ಅಂದಿದ್ದರೆ ಆಗಿಹೋಗುತ್ತಿತ್ತು. ನಾನು ಏನಂದೆ ಗೊತ್ತಾ? 'ಈ ಸಲಕ್ಕೆ ನಾನು ನುಡಿಸ್ತೀನಿ. ನೀನು ಮೊದಲು ಅಮ್ಮಾ ಕೇಳು ಅಂತ ಹೇಳಿಬಿಡು, ಸಾಕು.'

ಹೌದಮ್ಮಾ. ನೀನು ಕೇಳಿದ ಹಾಡು ನಾನು ನುಡಿಸಿದ್ದು. 'ಅಮ್ಮಾ ಕೇಳು' ಅನ್ನುವುದು ಮಾತ್ರ ಅವಳದು. ಮಗು ಅಳುತ್ತಿತ್ತು, ಕರುಳು ಕಿತ್ತು ಬಂತು, ಅದಕ್ಕೇ ಮಾಡಿದೆ ಅಂತ ಬರೆದರೆ ನೀನು ನಂಬುತ್ತೀಯ, ಆದರೆ ಅದು ಅರ್ಧ ನಿಜ. ನನಗೆ ಯಾರಾದರೂ ಕೇಳಬೇಕಾಗಿತ್ತು. ಗೋಡೆಗಳಿಗೆ ನುಡಿಸಿ ನುಡಿಸಿ ಸಾಕಾಗಿತ್ತು. ಮೊದಲ ಸಲ ನುಡಿಸಿದ್ದರಲ್ಲಿ ಕೊನೆಯ ಸ್ವರ ಚೂರು ಅಲುಗಿತೆಂದು ಅದನ್ನು ಅಳಿಸಿ ಎರಡನೇ ಸಲ ನುಡಿಸಿದೆ. ಅವಳು ಮಂಚದ ತುದಿಯಲ್ಲಿ ಕೂತು ಎರಡೂ ಸಲ 'ಅಮ್ಮಾ ಕೇಳು' ಅಂತ ಹೇಳಿದಳು.

ಅದನ್ನು ಕೇಳಿ ನೀನು ಅತ್ತುಬಿಟ್ಟೆಯಂತೆ. ಕ್ಯಾಂಪಿನ ಊಟದ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿದೆಯಂತೆ. 'ನನ್ನ ಚಿನ್ನ, ಎಷ್ಟು ಬೇಗ ಕಲಿತೆಯೇ!' ಅಂತ ನೀನು ಅನ್ನುತ್ತಿದ್ದರೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ನಾನು ಎದ್ದು ಹಾಲು ಕಾಯಿಸಲು ಹೋದೆ. ಹಾಲು ಆಗಲೇ ಕಾದಿತ್ತು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಅದರ ಮುಂದಿನ ಭಾನುವಾರ ನೀನು ಹೇಳಿದ ಮಾತಿದೆಯಲ್ಲ. ನಿಮ್ಮ ದೊಡ್ಡ ಇಂಜಿನಿಯರು ಇನ್ನೊಂದು ವರ್ಷ ಇರುತ್ತೀರಾ ಅಂತ ಕೇಳಿದ್ದರು, ನೀನು ತಿಂಗಳಿಂದ ಹೂಂ ಉಹೂಂ ಅನ್ನದೆ ತೂಗಾಡುತ್ತಿದ್ದೆ. 'ಆ ಹಾಡು ಕೇಳಿದ ಮೇಲೆ ಧೈರ್ಯ ಬಂತು ಅಪ್ಪಾ. ಮಗು ಅಷ್ಟು ನೆಮ್ಮದಿಯಾಗಿ ನುಡಿಸ್ತಾಳೆ ಅಂದ್ರೆ ಮನೆ ಚೆನ್ನಾಗಿ ನಡೀತಿದೆ ಅಂತಾನೇ ಅರ್ಥ. ಒಪ್ಪಿಕೊಂಡುಬಿಟ್ಟೆ' ಅಂದೆ. ಫೋನು ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು. ಬಟಾಣಿ ಊಟ ಮಾಡುತ್ತಿದ್ದವಳು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಆ ಹುಡುಗಿ ಹೇಳದೆ ಯಾವತ್ತು ತಟ್ಟೆ ತೊಳೆದಿದ್ದಾಳೆ? ನೀನು ಫೋನ್ ಇಟ್ಟ ಮೇಲೆ, ನನ್ನ ಕಡೆ ತಿರುಗದೆ, ನಲ್ಲಿಯ ಹತ್ತಿರ ನಿಂತೇ ಕೇಳಿದಳು: 'ನಾನೇ ನುಡಿಸಿದ್ದಿದ್ರೆ, ಕೆಟ್ಟದಾಗಿ, ಅಮ್ಮ ವಾಪಸ್ ಬರ್ತಿದ್ದಳು ಅಲ್ವಾ ತಾತ?'



ಮಾರನೆಯ ದಿನವೇ ಅವಳು ಪೆಟ್ಟಿಗೆಯನ್ನು ಶಾಲೆಗೆ ವಾಪಸ್ಸು ಕೊಟ್ಟು ಬಂದಳು. ಎರಡು ದಿನ ಕಳೆದು ಸಂಗೀತದ ಟೀಚರಿಂದ ಕರೆ ಬಂತು. ಹೋದೆ. ಕುರ್ಚಿಗಳನ್ನು ಅರ್ಧ ಚಂದ್ರದ ಹಾಗೆ ಹಾಕಿದ ರೂಮು, ಹಲಗೆಯ ಮೇಲೆ ಮೂರು ಹಾಡಿನ ಸ್ವರ. ಟೀಚರ್ ನಿನಗಿಂತ ಚಿಕ್ಕವರೇ ಇರಬೇಕು, ಗಂಟಲು ಕಟ್ಟಿತ್ತು ಪಾಪ, ದಿನವೆಲ್ಲ ಆ ಗದ್ದಲದ ಮೇಲೆ ಕೂಗಬೇಕಲ್ಲ. 'ಅವಳು ಕ್ಲಾರಿನೆಟ್ ಬೇಡ, ತಾಳ ತಟ್ಟೋಕೆ ಹಾಕಿ ಅಂತಿದ್ದಾಳೆ. ಮನೇಲಿ ಏನಾದ್ರೂ ಆಯ್ತಾ?' ಅಂತ ಕೇಳಿದರು. ಎಲ್ಲ ಹೇಳಿದೆ. ಕನ್ನಡಕದ ಡಬ್ಬಿಯ ರೀಡನ್ನೂ ಹೇಳಿದೆ. ಅವರಿಗೆ ಒಂದು ಕ್ಷಣ ನಗು ಬಂತು, ತಡೆದುಕೊಂಡರು. ಆಮೇಲೆ, 'ತಾತ, ನನ್ನ ಕ್ಲಾಸಲ್ಲಿ ಎಲ್ಲರೂ ಕೀಚ್ ಅನ್ನಿಸ್ತಾರೆ. ಅದಕ್ಕೇ ಇಲ್ಲಿ ಯಾರಿಗೂ ನಾಚಿಕೆ ಇಲ್ಲ. ಮನೇಲಿ ನೀವು ಅವಳನ್ನ ಒಂಟಿ ಮಾಡಿಬಿಟ್ರಿ' ಅಂದರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು.

ಮನೆಗೆ ಬಂದು ಬಟಾಣಿಯ ಮುಂದೆ ಕೂತು, ತಪ್ಪಾಯಿತು ಮಗಾ, ನಿನ್ನದನ್ನು ನಾನು ಕಿತ್ತುಕೊಂಡೆ ಅಂದೆ. ಅವಳು 'ಹೂಂ' ಅಂದಳು, ಅಷ್ಟೇ. ಇರಲಿ ಬಿಡು ತಾತ ಅನ್ನುತ್ತಾಳೆ ಅಂತ ಕಾದೆ, ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ. ಟೀಚರ್ ಹೇಗೆ ಒಲಿಸಿದರೋ, ಮುಂದಿನ ವಾರ ಪೆಟ್ಟಿಗೆ ಮತ್ತೆ ಮನೆಗೆ ಬಂತು. ಅವಳು ಊದಲು ಶುರು ಮಾಡಿದರೆ ನಾನು ಚೀಲ ಹಿಡಿದು ತರಕಾರಿಗೆ ಹೋಗಿಬಿಡುತ್ತಿದ್ದೆ. ತರಕಾರಿಯವಳು 'ಮನೇಲಿ ಮದುವೆಯಾ?' ಅಂತ ಕೇಳುವಷ್ಟು ತರಕಾರಿ ತಂದೆ. ಅವಳು ಶಾಲೆಗೆ ಹೋದಾಗ ಪೆಟ್ಟಿಗೆ ಮನೆಯಲ್ಲಿದ್ದರೂ ಮುಟ್ಟಲಿಲ್ಲ. ಕೈ ಹೋಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನಿನ್ನೆ ಕಾರ್ಯಕ್ರಮ ಆಯಿತು. ಶಾಲೆಯ ಹಾಲ್ ತುಂಬಿತ್ತು, ಬಾಗಿಲ ಹತ್ತಿರ ಜಾಗ ಸಿಕ್ಕಿತು. ಬಟಾಣಿ ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ, ಎರಡು ಜಡೆ ತಾನೇ ಹಾಕಿಕೊಂಡಿದ್ದಳು, ಒಂದು ಮೇಲೆ, ಒಂದು ಕೆಳಗೆ. ಗಂಟೆಯ ಹಾಡು, ರೈಲಿನ ಹಾಡು ಗದ್ದಲದಲ್ಲಿ ಹೇಗೋ ದಾಟಿದವು. ಮೂರನೆಯದರಲ್ಲಿ ಆ ಹಾರುವ ಜಾಗ ಬಂತು. ಕೀಚ್ ಅಂತು. ಅಷ್ಟು ವಾದ್ಯಗಳ ನಡುವೆ ಅದು ಯಾರದ್ದೆಂದು ನನಗೆ ಗೊತ್ತಾಯಿತು. ಅವಳು ನಿಲ್ಲಿಸಲಿಲ್ಲ ಮಗಳೇ. ಕೆನ್ನೆ ಕೆಂಪಾಯಿತು, ಆದರೂ ಕಣ್ಣು ಟೀಚರ ಕೈಯ ಮೇಲೇ ಇಟ್ಟು ಕೊನೆಯವರೆಗೆ ನುಡಿಸಿದಳು. ಮನೆಗೆ ಬರುವ ದಾರಿಯಲ್ಲಿ 'ನಂದು ಕೇಳಿಸ್ತಾ?' ಅಂದಳು. ಕೇಳಿಸ್ತು, ಒಂದು ಕಡೆ ಕೀಚ್ ಅಂತು ಅಂದೆ. 'ಎರಡು ಕಡೆ' ಅಂತ ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ನಕ್ಕಳು. ಆದರೂ ಪೆಟ್ಟಿಗೆ ಕೊಡು, ನಾನು ಹಿಡ್ಕೋತೀನಿ ಅಂದಾಗ ಕೊಡಲಿಲ್ಲ.

ನಿನಗೆ ಮೋಸ ಮಾಡಿದೆ, ಅವಳಿಗೂ ಮಾಡಿದೆ. ಕ್ಷಮಿಸು ಅಂತ ಕೇಳಲು ಮುಖವಿಲ್ಲ. ಸಿಟ್ಟು ಬಂದರೆ ನನ್ನ ಮೇಲಿರಲಿ, ಅವಳನ್ನು ಒಂದು ಮಾತೂ ಅನ್ನಬೇಡ. ಅವಳು ಹೇಳಿದ ಎರಡೇ ಎರಡು ಪದ, 'ಅಮ್ಮಾ ಕೇಳು', ಅದರಲ್ಲಿ ಸುಳ್ಳೇನೂ ಇರಲಿಲ್ಲ.

ದೇಹ ನೋಡಿಕೋ. ಹೊತ್ತಿಗೆ ಸರಿಯಾಗಿ ತಿನ್ನು. ನೀನು ಸುಖವಾಗಿರು, ನಿನ್ನ ಕೆಲಸಕ್ಕೆ ಒಳ್ಳೆಯ ಹೆಸರು ಬರಲಿ. ಊಟದ ಶೆಡ್ಡಿನಲ್ಲಿ ಆ ಹಾಡು ಕೇಳಿ ಮೆಚ್ಚಿದವರಿಗೆಲ್ಲ ಈ ಮುದುಕನ ನಮಸ್ಕಾರ ಹೇಳು, ಯಾಕೆ ಅಂತ ಹೇಳುವುದೂ ಬಿಡುವುದೂ ನಿನಗೆ ಬಿಟ್ಟಿದ್ದು.

ನಿನ್ನ
ಅಪ್ಪ

ಮರೆತಿದ್ದೆ: ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದು ಕೇಳಬೇಕಾದದ್ದನ್ನೇ ಕೇಳಲಿಲ್ಲ. ಆ ಇನ್ನೊಂದು ವರ್ಷದ ಮಾತನ್ನು ಹಿಂದಕ್ಕೆ ತಗೊಳ್ಳಲು ಆಗುತ್ತದಾ ನೋಡು. ಮನೆ ನೆಮ್ಮದಿಯಾಗಿಲ್ಲ ಮಗಳೇ. ನಾನು ಅಡುಗೆ ಮಾಡಬಲ್ಲೆ, ಬಸ್ಸಿಗೆ ಹತ್ತಿಸಬಲ್ಲೆ, ಅದರಾಚೆ ನನ್ನ ಕೈಲಾಗುವುದಿಲ್ಲ. ಬಾ ಅಂತ ಅವಳು ಬಾಯಿ ಬಿಟ್ಟು ಕೇಳುವುದಿಲ್ಲ, ನಿನ್ನಂತೆಯೇ ಹಟ. ಅದಕ್ಕೆ ನಾನು ಕೇಳುತ್ತಿದ್ದೇನೆ. ಬಾ.