ಹೊರಗಿನ ರಕ್ತ

ಏಪ್ರಿಲ್ 6, ಭಾನುವಾರ
ಮತ್ತೆ ಅಕ್ಕ-ತಮ್ಮ ಬಾಲ್ಕನಿಯಲ್ಲಿ, ಒಂದೇ ಬುಟ್ಟಿಯ ಬಟಾಣಿ ಸುಲಿಯುತ್ತಾ. ನಾನು ಹೋದರೆ ಮಾತು ಗಪ್‌ಚುಪ್. ಮದುವೆಯಾಗಿ ಎರಡು ತಿಂಗಳು! ನನ್ನ ಗಂಡ ಸೂಪರ್, ನಕ್ಕರೆ ನನ್ನ ಪ್ರಾಣವೇ ಹೋಗುತ್ತದೆ. ಆದರೆ ಆ ನಗು ಮೊದಲು ಅವನ ಅಕ್ಕನಿಗೆ, ನನ್ನ ಅತ್ತಿಗೆಗೆ. ಮಿಕ್ಕಿದ್ದು ನನಗೆ.

ಊಟಕ್ಕೆ ಕುಳಿತಾಗ ನನ್ನ ಮೂಗಿಗೆ ಮೊಸರು ಹಚ್ಚಿದ. "ಹೋಗೋ ಹುಚ್ಚಾ!" ಎಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅತ್ತಿಗೆಗೆ ಸ್ಕಿಜೋಫ್ರೇನಿಯಾ, ಕಾಲೇಜಿನ ದಿನಗಳಿಂದ ಮಾತ್ರೆ. ಮದುವೆಗೆ ಮುಂಚೆಯೇ ಇವನು ಹೇಳಿದ್ದ.

ಅತ್ತಿಗೆ ಕಣ್ಣು ಮಿಟುಕಿಸಿದರು. "ಆ ಪೋಸ್ಟ್ ನಂದು ಕಣೇ. ಅವನಿಗೆ ಬೇರೆ ಏನಾದ್ರೂ ಬೈಯಿ."

ಇವನು ಬಿದ್ದು ಬಿದ್ದು ನಕ್ಕ. ನನ್ನ ಯಾವ ಜೋಕಿಗೂ ಹೀಗೆ ನಕ್ಕಿಲ್ಲ.

ಏಪ್ರಿಲ್ 15
ಆಸ್ಪತ್ರೆಯ ರಿಸರ್ಚ್‌ನವರು ಇವರಿಬ್ಬರ ರಕ್ತ ಕೇಳಿದ್ದರು. ಡೋಪಮಿನ್, ಗ್ಲುಟಮೇಟ್ — ಮೆದುಳಿನೊಳಗೆ ಸುದ್ದಿ ಮುಟ್ಟಿಸುವ ಸರಕು. ಅವಕ್ಕೆ ಸಂಬಂಧಿಸಿದ ಜೀನ್‌ಗಳಲ್ಲಿ ಯಾರಿಗೆ ಏನು ವ್ಯತ್ಯಾಸ ಎಂದು ನೋಡುತ್ತಾರಂತೆ. ನಾನೂ ತೋಳು ಚಾಚಿದೆ.

ನರ್ಸ್‌ಗೆ ಖುಷಿಯೋ ಖುಷಿ. "ಕೊಡಿ ಕೊಡಿ. ಹೋಲಿಸಿ ನೋಡೋಕೆ ರಕ್ತಸಂಬಂಧ ಇಲ್ಲದವರೂ ಬೇಕು."

ಅವರಿಬ್ಬರ ಟ್ಯೂಬ್ ಅಕ್ಕಪಕ್ಕ. ನನ್ನದು ಆಚೆ, ಯಾರ್‍ಯಾರದೋ ಜೊತೆ. ರಿಸ್ಕ್‌ನಲ್ಲೂ ಅವರೇ ಪಾರ್ಟ್‌ನರ್ಸ್! ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು ಪಡುವವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಏಪ್ರಿಲ್ 27, ಭಾನುವಾರ
ಪರದೆಯ ಹಿಂದೆ ನಿಂತು ಕೇಳಿಸಿಕೊಂಡೆ. ಹೌದು, ನಾಚಿಕೆಯಿಲ್ಲ.

"ಮಗು ಬೇಡ ಅಂತ ಅವಳಿಗೆ ಹೇಗೆ ಹೇಳ್ಲಿ ಅಕ್ಕಾ? ನಿನಗೆ ಬಂದಿದ್ದು ಅದಕ್ಕೂ ಬಂದ್ರೆ?"

ನನ್ನ ಮಗುವಿನ ಮಾತು! ಅದೂ ಮೊದಲು ಅವರ ಹತ್ತಿರ!

ಅತ್ತಿಗೆ ಮೆಲ್ಲಗೆ — "ಅಂದ್ರೆ ನನ್ನಂಥವಳು ಹುಟ್ಟಲೇಬಾರದು. ಅಲ್ವೇನೋ?"



ಮೇ 11
ಬರೆಯಲು ಮನಸ್ಸಿರಲಿಲ್ಲ. ಇವನು ಇನ್ನೂ ಬಾಯಿ ಬಿಟ್ಟಿಲ್ಲ. ಅತ್ತಿಗೆಯ ಡಾಕ್ಟರ್ ಹತ್ತಿರ ನಾನೊಬ್ಬಳೇ ಹೋಗಿ ಬಂದೆ.

"ಒಂದು ಜೀನ್ ಮಾಡೋ ಕೆಲಸ ಅಲ್ಲಮ್ಮ ಇದು. ನೂರಾರು ಸೇರಿ, ಒಂದೊಂದೂ ಚೂರು ಚೂರು ತಳ್ಳುತ್ತೆ. ಸೋದರತ್ತೆಗೆ ಇದ್ರೆ ರಿಸ್ಕ್ ಸ್ವಲ್ಪ ಜಾಸ್ತಿ, ನಿಜ. ಆದ್ರೂ ಬಹಳಷ್ಟು ಮಕ್ಕಳಿಗೆ ಬರಲ್ಲ. ಬರೋದೇ ಇಲ್ಲ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ."

ಸೋದರತ್ತೆ. ಆ ಪದವೇ ಕಿವಿಯಲ್ಲಿ ಉಳಿಯಿತು.

ಮೇ 14, ಸಂಜೆ
ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್!! ಇವನು ಆಫೀಸಿನಲ್ಲಿದ್ದ. ಫೋನ್ ಎತ್ತಿದೆ, ಇಟ್ಟೆ. ಸೀದಾ ಅತ್ತಿಗೆಯ ಕೋಣೆಗೆ.

"ಅವನಿಗೆ ಹೇಳಿದ್ಯಾ?"

"ಇಲ್ಲ. ನಿಮಗೇ ಮೊದಲು."

ಅತ್ತಿಗೆಯ ಕೈಯಲ್ಲಿದ್ದ ಬಟ್ಟೆ ಜಾರಿತು. "ನನಗೆ ಭಯ ಆಗುತ್ತೆ ಕಣೇ."

"ನನಗೂ. ಆದ್ರೆ ನಿಮ್ಮ ಥರಾನೇ ಆದ್ರೂ ಬೇಕು ಅತ್ತಿಗೆ. ನಂಗೆ ಬೇಕು."

ಇಬ್ಬರೂ ಅಳುತ್ತಿರುವಾಗಲೇ ಇವನು ಬಂದ. "ಏನ್ರೇ ಅದು? ನನಗೆ ಹೇಳಬಾರದ್ದಾ?" ಮುಖ ಊದಿಸಿಕೊಂಡ. ಅಯ್ಯೋ, ಇವನಿಗೂ ಹೊಟ್ಟೆಕಿಚ್ಚು! ಒಂದೇ ಒಂದು ಕ್ಷಣ, ಎಷ್ಟು ಹಿತವಾಯಿತೆಂದರೆ...

ಮುಖ ತೊಳೆದು ಬರುತ್ತೇನೆಂದು ಬಾತ್‌ರೂಮಿನಲ್ಲಿ ಡೈರಿ ಹಿಡಿದು ಕುಳಿತಿದ್ದೇನೆ. ಹೊರಗೆ ಅತ್ತಿಗೆಯ ದನಿ: "ಅವಳು ಹೇಳೋವರೆಗೂ ನೀನು ಬಾಯಿ ಮುಚ್ಚಿಕೊಂಡಿರು."

ಬಾಗಿಲು ತಟ್ಟುತ್ತಿದ್ದಾನೆ. ಮಗು ಬೇಡ ಎಂದರೆ ನಾನು ಬೇಕು ಎನ್ನುತ್ತೇನೆ, ಅತ್ತಿಗೆಗೆ ಹೇಳಿದ ಹಾಗೆಯೇ.